ಲೋಳೆಸರದ ಎರಡು ರಸ

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಸುತ್ತಿನ ಮನೆಗಳಲ್ಲಿ ಲೋಳೆಸರ ನೆಲದಲ್ಲಿರುವುದಕ್ಕಿಂತ ಚಟ್ಟಿಯಲ್ಲಿರುವುದೇ ಹೆಚ್ಚು. ನಮ್ಮ ಮಳೆಯನ್ನು ಅದು ತಾಳುವುದಿಲ್ಲ. ಆಟಿ ತಿಂಗಳಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಎಲೆ ಮೆತ್ತಗಾಗಿ ಕುಸಿಯುತ್ತದೆ. ಹಾಗಾಗಿ ಮಳೆಗಾಲ ಬಂತೆಂದರೆ ಚಟ್ಟಿ ಜಗಲಿಯ ಬದಿಗೋ ಮಾಡಿನ ಅಡಿಗೋ ಬರುತ್ತದೆ. ಅದು ಒಣನೆಲದ ಗಿಡ. ವಂಶವಾಹಿಗಳನ್ನು ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಅದರ ಮೂಲವನ್ನು ಅರೇಬಿಯಾ ಪರ್ಯಾಯದ್ವೀಪದಲ್ಲಿ ಗುರುತಿಸಿತು. ಕಾಸರಗೋಡಿನ ಎಷ್ಟೋ ಮನೆಗಳ ಗಂಡಸರು ದುಡಿಯಲು ಹೋಗುವ ನಾಡೇ ಅದರ ತವರು.

ಈ ತವರನ್ನು ನೆನಪಿಟ್ಟುಕೊಂಡರೆ ಎಲೆಯ ಒಳಗಿರುವುದು ಏನೆಂದು ಸುಲಭವಾಗಿ ತಿಳಿಯುತ್ತದೆ. ಮಳೆಯಿಲ್ಲದ ಊರಿನಲ್ಲಿ ಗಿಡ ನೀರನ್ನು ಎಲೆಯಲ್ಲಿ ಕೂಡಿಡಬೇಕು. ಹಗಲಿನ ಬಿಸಿಲಿಗೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು ಉಸಿರಾಡಬೇಕು. ಹಾಗೆ ಕೂಡಿಟ್ಟ ನೀರೇ ನಡುವಿನ ಪಾರದರ್ಶಕ ತಿರುಳು. ಅದರಲ್ಲಿ ಶೇಕಡಾ 99ರಷ್ಟು ನೀರು, ಉಳಿದದ್ದರಲ್ಲಿ ಅಸೆಮಾನನ್ ಎಂಬ ಉದ್ದನೆಯ ಸಕ್ಕರೆ ಸರಪಳಿ ಮುಖ್ಯವಾದದ್ದು. ತಿರುಳು ಲೋಳೆಲೋಳೆಯಾಗಿರುವುದು ಇಂಥವುಗಳಿಂದ. ಆದರೆ ಮರುಭೂಮಿಯಲ್ಲಿ ನೀರು ತುಂಬಿದ ಎಲೆಯನ್ನು ಯಾವ ಆಡು ಬಿಟ್ಟೀತು? ಅದಕ್ಕೆಂದೇ ಹಸಿರು ಸಿಪ್ಪೆಯ ಕೆಳಗೆ, ತಿರುಳಿನ ಸುತ್ತ, ಇನ್ನೊಂದು ರಸ ಕಾವಲಿರುತ್ತದೆ. ಎಲೆ ಕೊಯ್ದ ಕೂಡಲೇ ಹಳದಿಯಾಗಿ ಜಿನುಗುವ, ನಾಲಿಗೆಗೆ ತಾಗಿದರೆ ಬಹಳ ಹೊತ್ತು ಕಹಿ ಬಿಡದ ರಸ ಅದು.

ಒಂದೇ ಎಲೆಯಲ್ಲಿ ಎರಡು ರಸ. ಎರಡರ ಗುಣವೂ ಬೇರೆ, ಅಪಾಯವೂ ಬೇರೆ. ಲೋಳೆಸರದ ಕುರಿತು ಇಂದು ಹರಿದಾಡುವ ಗೊಂದಲದ ಬಹುಪಾಲು ಇವೆರಡನ್ನು ಒಂದೇ ಎಂದು ಎಣಿಸಿದ್ದರಿಂದ ಹುಟ್ಟಿದೆ. ನಾನು ಈ ಸೀಮೆಯಲ್ಲಿ ಔಷಧಿ ಅಂಗಡಿ ಇಟ್ಟುಕೊಂಡು ಬದುಕುವವನು. ಮದ್ದಿನ ಚೀಟಿ ಹಿಡಿದು ಬರುವವರಲ್ಲಿ ಅನೇಕರು ಹೊರಡುವ ಮುಂಚೆ ಸ್ವಲ್ಪ ತಡೆದು, ದನಿ ತಗ್ಗಿಸಿ, “ಬೆಳಗ್ಗೆ ಖಾಲಿ ಹೊಟ್ಟೆಗೆ ಲೋಳೆಸರದ ಜ್ಯೂಸ್ ಕುಡಿಯುತ್ತಿದ್ದೇನೆ, ತೊಂದರೆ ಇಲ್ಲವಲ್ಲ?” ಎಂದು ಕೇಳುತ್ತಾರೆ. ಡಾಕ್ಟರ ಬಳಿ ಕೇಳಲು ಸಂಕೋಚ. ಈ ಬರಹ ಅವರಿಗಾಗಿ.

ಅವರ ಮೊಬೈಲಿಗೆ ಬಂದಿರುವ ಸಂದೇಶಗಳನ್ನು ನಾನೂ ಓದಿದ್ದೇನೆ. ಸಕ್ಕರೆ ಕಾಯಿಲೆ ವಾಸಿಯಾಗುತ್ತದೆ, ಬೊಜ್ಜು ಕರಗುತ್ತದೆ, ಗ್ಯಾಸ್ ಹೋಗುತ್ತದೆ, ಕೂದಲು ಬೆಳೆಯುತ್ತದೆ, ಮಂಡಿ ನೋವು ನಿಲ್ಲುತ್ತದೆ, ರಕ್ತ ಶುದ್ಧವಾಗುತ್ತದೆ, ಕ್ಯಾನ್ಸರ್ ಹತ್ತಿರ ಬರುವುದಿಲ್ಲ. ಇವುಗಳಲ್ಲಿ ಸಕ್ಕರೆ ಕಾಯಿಲೆ, ಬೊಜ್ಜು, ಕ್ಯಾನ್ಸರ್ ಮೂರೂ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿವೆ. ಅವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದೇ ಈ ದೇಶದಲ್ಲಿ ಅಪರಾಧ. ಆದರೆ ಒಬ್ಬರು ಇನ್ನೊಬ್ಬರಿಗೆ ಪ್ರೀತಿಯಿಂದ ಕಳಿಸುವ ಸಂದೇಶಕ್ಕೆ ಜಾಹೀರಾತಿನ ಕಾಯ್ದೆ ಎಟುಕುವುದು ಕಷ್ಟ.

ಮೊದಲು ಹಳದಿ ರಸದ ಮಾತು. ಅದರಲ್ಲೇ ಹೆಚ್ಚಿನ ವಿಷಯವಿದೆ, ಹೆಚ್ಚಿನ ಅಪಾಯವೂ ಇದೆ.

ಈ ರಸವನ್ನು ಕಾಯಿಸಿ ಒಣಗಿಸಿದರೆ ಕಪ್ಪಗೆ ಹೊಳೆಯುವ ಗಟ್ಟಿ ಸಿಗುತ್ತದೆ. ಕನ್ನಡದಲ್ಲಿ ಕರಿಬೋಳ ಎನ್ನುತ್ತಾರೆ. ನಮ್ಮ ಮಲಯಾಳ ಮಾತಿನ ನೆರೆಯವರು ಚೆನ್ನಿನಾಯಕ ಎನ್ನುತ್ತಾರೆ. ಮಗುವಿಗೆ ಹಾಲು ಬಿಡಿಸಬೇಕಾದಾಗ ತಾಯಂದಿರು ಮೊಲೆತೊಟ್ಟಿಗೆ ಚೆನ್ನಿನಾಯಕ ತೇಯ್ದು ಹಚ್ಚುತ್ತಿದ್ದುದು ಇಲ್ಲಿನ ಹಿರಿಯ ಹೆಂಗಸರಿಗೆಲ್ಲ ಗೊತ್ತು. ಅಷ್ಟು ಕಹಿ. ಅದನ್ನು ಹೊಟ್ಟೆಗೆ ತೆಗೆದುಕೊಂಡರೆ ಭೇದಿಯಾಗುತ್ತದೆ ಎಂಬುದೂ ಹಳೆಯ ತಿಳಿವಳಿಕೆಯೇ. ಹದಿನಾರನೆಯ ಶತಮಾನದ ಆಯುರ್ವೇದ ಗ್ರಂಥ ಭಾವಪ್ರಕಾಶ ಕುಮಾರಿಯ, ಅಂದರೆ ಲೋಳೆಸರದ, ಗುಣಗಳನ್ನು ಹೇಳುವಾಗ ಮೊದಲಿಗೇ ಹೇಳುವುದು ಭೇದನ ಗುಣವನ್ನು. ಯುರೋಪಿನವರೂ ಗ್ರೀಕರ ಕಾಲದಿಂದ ಇದನ್ನು ಬಲ್ಲರು.

ಅದು ಕೆಲಸ ಮಾಡುವ ಬಗೆ ಕುತೂಹಲದ್ದು. ರಸದಲ್ಲಿರುವ ಅಲೋಯಿನ್ ಎಂಬ ವಸ್ತು ಹೊಟ್ಟೆ, ಸಣ್ಣ ಕರುಳುಗಳನ್ನು ಹೆಚ್ಚು ಬದಲಾಗದೆ ದಾಟಿ ದೊಡ್ಡ ಕರುಳಿಗೆ ಬರುತ್ತದೆ. ಅಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಚುರುಕಾದ ಇನ್ನೊಂದು ರೂಪಕ್ಕೆ ತರುತ್ತವೆ. ಆಗ ಕರುಳಿನ ಗೋಡೆ ನೀರು ಬಿಡುತ್ತದೆ, ಕರುಳು ಹಿಂಡುತ್ತದೆ. ರಾತ್ರಿ ತೆಗೆದುಕೊಂಡರೆ ಬೆಳಗ್ಗೆ ಫಲ ಕಾಣುವುದು ಇದರಿಂದ. ನೀರಿನ ಜೊತೆಗೆ ಪೊಟ್ಯಾಸಿಯಂ ಕೂಡ ಹೊರಹೋಗುತ್ತದೆ. ಒಂದು ದಿನದ ಮಾತಾದರೆ ಆರೋಗ್ಯವಂತನಿಗೆ ಅದು ದೊಡ್ಡದಲ್ಲ. ದಿನವೂ ಆದರೆ ದೊಡ್ಡದೇ.

ನಿವೃತ್ತ ಮಾಸ್ತರರೊಬ್ಬರು ಅಂಗಡಿಗೆ ಬರುತ್ತಾರೆ. ಹೃದಯ ದುರ್ಬಲವಾಗಿರುವುದರಿಂದ ಡಿಗಾಕ್ಸಿನ್ ಮಾತ್ರೆಯಿದೆ, ಕಾಲಿನ ಬಾವು ಇಳಿಯಲು ಮೂತ್ರ ಹೆಚ್ಚಿಸುವ ಮಾತ್ರೆಯೂ ಇದೆ. ಈ ಎರಡನೆಯ ಮಾತ್ರೆಯೇ ದೇಹದ ಪೊಟ್ಯಾಸಿಯಂ ಇಳಿಸುತ್ತದೆ. ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ಹೃದಯದ ಲಯಕ್ಕೇ ವಿಷವಾಗಬಹುದು. ಅವರು ತಮ್ಮ ಹಿತ್ತಿಲ ಲೋಳೆಸರವನ್ನು ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ ಸೋಸಿ ಕುಡಿಯುತ್ತಿದ್ದರು. ಬೇಡವೆಂದು ಹೇಳಿದಾಗ ನೊಂದುಕೊಂಡರು. “ನೀವು ಮಾತ್ರೆ ಮಾರುವವರು, ನಿಮಗೆ ಹಳ್ಳಿಮದ್ದು ಹಿಡಿಸುವುದಿಲ್ಲ” ಎಂದರು. ನಾನು ಹೇಳಿದೆ: “ಮಾಸ್ತರರೇ, ಇದು ಮದ್ದು ಎಂದು ನಂಬಿರುವುದರಿಂದಲೇ ಬೇಡ ಎನ್ನುತ್ತಿದ್ದೇನೆ. ಬರೀ ನೀರಾಗಿದ್ದರೆ ಕುಡಿಯಿರಿ ಎನ್ನುತ್ತಿದ್ದೆ.” ಮನೆಮದ್ದನ್ನು ನಿಜವಾಗಿ ಗೌರವಿಸುವವನು ಅದಕ್ಕೆ ಶಕ್ತಿಯಿದೆ ಎಂದು ಒಪ್ಪಬೇಕು, ಶಕ್ತಿಯಿದೆ ಎಂದು ಒಪ್ಪಿದ ಮೇಲೆ ಅದು ಕೆಡುಕನ್ನೂ ಮಾಡಬಲ್ಲದು ಎಂದು ಒಪ್ಪಲೇಬೇಕು. ಅವರು ಡಾಕ್ಟರಿಗೆ ವಿಷಯ ತಿಳಿಸಿ ರಕ್ತ ಪರೀಕ್ಷೆ ಮಾಡಿಸಿಕೊಂಡರು, ಜ್ಯೂಸ್ ನಿಲ್ಲಿಸಿದರು. ಈಗಲೂ ನನ್ನ ಬಳಿ ಅದೇ ವಿಷಯ ತೆಗೆದು ವಾದ ಮಾಡುತ್ತಾರೆ.

ಅಮೆರಿಕದಲ್ಲಿ ಚೀಟಿಯಿಲ್ಲದೆ ಮಾರುವ ಭೇದಿ ಮಾತ್ರೆಗಳಲ್ಲಿ ಈ ಒಣಗಿಸಿದ ಹಳದಿ ರಸ ಬಹಳ ಕಾಲ ಇತ್ತು. ಅದು ಸುರಕ್ಷಿತವೆಂದು ತೋರಿಸುವ ಮಾಹಿತಿ ಕೊಡಿ ಎಂದು ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ತಯಾರಕರನ್ನು ಕೇಳಿತು. ಸಾಕಷ್ಟು ಮಾಹಿತಿ ಬರಲಿಲ್ಲ. 2002ರಲ್ಲಿ ಆಡಳಿತ ಅದನ್ನು ಅಂಥ ಮದ್ದುಗಳಿಂದ ಹೊರಗಿಟ್ಟಿತು. ನಿಷೇಧವಾಯಿತು ಎಂಬುದಕ್ಕಿಂತ ಅದು ಆದ ರೀತಿ ನನಗೆ ಮುಖ್ಯ. ಸುರಕ್ಷಿತವೆಂದು ತೋರಿಸುವ ಹೊಣೆ ಮಾರುವವನ ಮೇಲಿತ್ತು, ತೋರಿಸಲಿಲ್ಲ, ಹೊರಹೋಯಿತು. ಈ ಮಾತಿಗೆ ಮುಂದೆ ಮರಳುತ್ತೇನೆ.

ಅಲ್ಲಿನ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮದ ಪ್ರಯೋಗವೂ ಇದೆ. ಹಳದಿ ರಸ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ಕುಡಿಯುವ ನೀರಿನಲ್ಲಿ ಬೆರೆಸಿ ಕೊಟ್ಟಾಗ ಪ್ರಯೋಗಾಲಯದ ಇಲಿಗಳ ದೊಡ್ಡ ಕರುಳಿನಲ್ಲಿ ಗೆಡ್ಡೆಗಳಾದವು. ಮೌಸ್ ಎಂಬ ಸಣ್ಣ ಜಾತಿಯ ಇಲಿಗಳಲ್ಲಿ ಗೆಡ್ಡೆ ಕಾಣಲಿಲ್ಲ. ಇದರ ಆಧಾರದ ಮೇಲೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇಡೀ ಎಲೆಯ ಸಾರವನ್ನು ‘2ಬಿ’ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯಿರುವವುಗಳ ಗುಂಪಿಗೆ ಸೇರಿಸಿತು. ಇಷ್ಟನ್ನೇ ಹೇಳಿ ಬಿಟ್ಟರೆ ನಾನೂ ಹೆದರಿಸುವ ಸಂದೇಶ ಬರೆದಂತಾಗುತ್ತದೆ. ಮನುಷ್ಯರಲ್ಲಿ ಅಂಥದ್ದು ಕಂಡಿದೆ ಎಂದು ಆ ಸಂಸ್ಥೆ ಹೇಳಿಲ್ಲ. ಎಷ್ಟು ಕುಡಿದರೆ ಅಪಾಯ ಎಂಬ ಲೆಕ್ಕವೂ ಆ ಗುಂಪಿಗೆ ಸೇರಿಸುವುದರಲ್ಲಿ ಅಡಗಿಲ್ಲ. ಹಳದಿ ರಸ ತೆಗೆದುಹಾಕಿದ ತಿರುಳಿಗಂತೂ ಆ ಮಾತು ಅನ್ವಯಿಸುವುದೇ ಇಲ್ಲ. ಹಳದಿ ರಸದ ಸಮೇತ ದಿನವೂ ಕುಡಿಯುವ ಅಭ್ಯಾಸ ಬೇಡ ಎನ್ನಲು ಇದು ಸಾಕು. ಕೈಗೆ ಲೋಳೆಸರ ಹಚ್ಚಿಕೊಂಡವರು ನಿದ್ದೆಗೆಡಬೇಕಾಗಿಲ್ಲ.

ಗರ್ಭಿಣಿಯರ ವಿಷಯದಲ್ಲಿ ಮಾತ್ರ ನಾನು ಮೃದುವಾಗಿ ಮಾತಾಡುವುದಿಲ್ಲ. ನಿಂತ ಮುಟ್ಟನ್ನು ಬರಿಸಲು ವೈದ್ಯರು ಕೊಡುವ ರಜಃಪ್ರವರ್ತಿನಿ ವಟಿಯಲ್ಲಿ ಇದೇ ಒಣಗಿಸಿದ ರಸ ಒಂದು ಮುಖ್ಯ ದ್ರವ್ಯ. ಆಯುರ್ವೇದಕ್ಕೆ ಇದರ ಈ ಗುಣ ಚೆನ್ನಾಗಿ ಗೊತ್ತು. ಅದೇ ವಸ್ತುವನ್ನು ಇಂದು ಬಸುರಿಯ ತ್ವಚೆಯ ಹೊಳಪಿಗೆಂದು ಕುಡಿಯಲು ಹೇಳುವ ವಿಡಿಯೊಗಳಿವೆ. ಹಾಲೂಡಿಸುವ ತಾಯಂದಿರೂ ಇದನ್ನು ಹೊಟ್ಟೆಗೆ ತೆಗೆದುಕೊಳ್ಳಬಾರದು.

ಪಡ್ರೆ ಕಡೆಯ ಒಬ್ಬ ಅಜ್ಜಿ ಲೋಳೆಸರವನ್ನು ಬಳಸುವ ಕ್ರಮವನ್ನು ನಾನು ನೋಡಿದ್ದೇನೆ. ಗಿಡದ ಹೊರಸುತ್ತಿನ, ಬಲಿತ ಎಲೆಯನ್ನೇ ಆರಿಸುತ್ತಾರೆ. ಬುಡದಲ್ಲಿ ಕೊಯ್ದು, ಕೊಯ್ದ ಬದಿ ಕೆಳಗಾಗುವಂತೆ ತಟ್ಟೆಯಲ್ಲಿ ಓರೆಯಾಗಿ ನಿಲ್ಲಿಸುತ್ತಾರೆ. ಹಳದಿ ರಸ ತಾನಾಗಿ ಇಳಿಯುವವರೆಗೆ ಬೇರೆ ಕೆಲಸ. ಆಮೇಲೆ ಎರಡು ಬದಿಯ ಮುಳ್ಳು ಕತ್ತರಿಸಿ, ಸಿಪ್ಪೆಯನ್ನು ದಪ್ಪಗೆ ಸುಲಿದು, ತಿರುಳನ್ನು ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತಾರೆ. ನಾಲಿಗೆಯ ತುದಿಗೆ ಮುಟ್ಟಿಸಿ ಕಹಿ ಇದೆಯೇ ನೋಡುತ್ತಾರೆ. ಅಲೋಯಿನ್ ಎಂಬ ಹೆಸರನ್ನೇ ಕೇಳದ ಆ ಹೆಂಗಸು ಅದನ್ನು ಬೇರ್ಪಡಿಸುವ ಕ್ರಮವನ್ನು ಪೂರ್ತಿ ತಿಳಿದಿದ್ದಾರೆ. ಕಾರ್ಖಾನೆಯವರು ಇದನ್ನೇ ಇಂಗಾಲದ ಸೋಸುಕದ ಮೂಲಕ ಮಾಡುತ್ತಾರೆ. ಕುಡಿಯುವ ಲೋಳೆಸರದಲ್ಲಿ ಅಲೋಯಿನ್ ದಶಲಕ್ಷಕ್ಕೆ 10 ಭಾಗ ಮೀರಬಾರದು ಎಂಬುದು ಆ ಉದ್ಯಮದ ಅಂತರರಾಷ್ಟ್ರೀಯ ಮಂಡಳಿ ತನಗೆ ತಾನೇ ಹಾಕಿಕೊಂಡ ಮಿತಿ. ಅಜ್ಜಿಯಂದಿರ ಹೆಸರು ಹೇಳಿ ಹರಡುವ ಸಂದೇಶಗಳಲ್ಲಿ ಈ ಸೋರಿಸುವ, ತೊಳೆಯುವ, ರುಚಿ ನೋಡುವ ಭಾಗವೇ ಕಾಣೆಯಾಗಿರುತ್ತದೆ. ಅವರ ಗಿಡ ಉಳಿಯಿತು, ಅವರ ಜಾಗ್ರತೆ ಬಿದ್ದುಹೋಯಿತು.

ಇನ್ನೊಂದು ತಪ್ಪು ಗುರುತಿನ ಸಂಗತಿ. ಬೇಲಿಗೆ ನೆಡುವ ಕತ್ತಾಳೆಗೂ ಲೋಳೆಸರಕ್ಕೂ ದೂರದಿಂದ ಹೋಲಿಕೆಯಿದೆ. ಕತ್ತಾಳೆಯ ರಸದಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುತ್ತವೆ. ಮೈಗೆ ಹಚ್ಚಿದರೆ ಉರಿದು ಗುಳ್ಳೆಯೇಳುತ್ತದೆ. ಎಲೆ ನಾರುನಾರಾಗಿ, ತುದಿಯಲ್ಲಿ ಗಡುಸಾದ ಕಪ್ಪು ಮುಳ್ಳಿದ್ದರೆ ಕೈ ಹಿಂತೆಗೆಯಿರಿ.

ಈಗ ತಿರುಳು. ಇದರ ಬಗ್ಗೆ ಒಳ್ಳೆಯ ಮಾತಾಡಲು ನನಗೆ ಸಂತೋಷವಿದೆ, ಏಕೆಂದರೆ ಆಡಲು ಅವಕಾಶವಿದೆ.

ಆಧುನಿಕ ವೈದ್ಯದಲ್ಲಿ ತಿರುಳಿನ ಹೆಸರು ಎದ್ದದ್ದು 1935ರಲ್ಲಿ. ಕ್ಷಕಿರಣದಿಂದ ಸುಟ್ಟ ಚರ್ಮಕ್ಕೆ ಹಸಿ ಎಲೆ ಹಚ್ಚಿ ಗುಣವಾದ ವರದಿಯನ್ನು ಅಮೆರಿಕದ ವಿಕಿರಣ ವೈದ್ಯರ ಪತ್ರಿಕೆಯಲ್ಲಿ ಕಾಲಿನ್ಸ್ ಎಂಬ ಹೆಸರಿನ ಇಬ್ಬರು ಬರೆದರು. ಆಮೇಲೆ ಸುಟ್ಟ ಗಾಯದ ಮೇಲೆ ಹಲವು ಪ್ರಯೋಗಗಳಾದವು. 2007ರಲ್ಲಿ ಥಾಯ್ಲೆಂಡಿನ ತಂಡವೊಂದು ಆವರೆಗಿನ ನಾಲ್ಕು ಅಧ್ಯಯನಗಳ 371 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಲೋಳೆಸರ ಹಚ್ಚಿದವರಲ್ಲಿ ಗಾಯ ಸುಮಾರು 9 ದಿನ ಮೊದಲೇ ಮಾಗಿದ್ದು ಕಂಡಿತು. ಅಧ್ಯಯನಗಳು ಒಂದೇ ತೆರನಾಗಿರಲಿಲ್ಲ, ಹಚ್ಚಿದ ಪದಾರ್ಥವೂ ಒಂದೇ ಅಲ್ಲ. ಆದರೂ ಅಡುಗೆಮನೆಯಲ್ಲಿ ಕಾವಲಿ ತಾಗಿ ಕೆಂಪಾದ ಕೈಗೆ, ಹತ್ತಿಪ್ಪತ್ತು ನಿಮಿಷ ತಣ್ಣೀರು ಹರಿಯಬಿಟ್ಟ ಬಳಿಕ, ತೊಳೆದ ತಿರುಳು ಹಚ್ಚುವ ಅಜ್ಜಿಯ ಕ್ರಮಕ್ಕೆ ಇದು ಬೆಂಬಲ. ಬಿಳುಚಿದ ಅಥವಾ ಕರಿದಾದ ಆಳದ ಸುಟ್ಟಗಾಯಕ್ಕೆ, ಮುಖಕ್ಕೆ, ಮಕ್ಕಳ ಮೈ ಸುಟ್ಟಾಗ ಅದು ಸಾಲದು, ಆಸ್ಪತ್ರೆಗೇ ಹೋಗಬೇಕು.

ಸುಟ್ಟದ್ದಕ್ಕೆ ಒಳ್ಳೆಯದು ಎಂದ ಮಾತ್ರಕ್ಕೆ ಎಲ್ಲ ಗಾಯಕ್ಕೂ ಒಳ್ಳೆಯದೇ? ಹಾಗೇನೂ ಇಲ್ಲ. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಿಸೇರಿಯನ್‌ನಂಥ ಶಸ್ತ್ರಚಿಕಿತ್ಸೆಯ ಹೊಲಿಗೆ ಬಿಟ್ಟುಕೊಂಡ ಗಾಯಗಳಿಗೆ ಲೋಳೆಸರದ ಜೆಲ್ ಹಾಕಿದವರಲ್ಲಿ ಮಾಗಲು ಸರಾಸರಿ 83 ದಿನ ಹಿಡಿಯಿತು. ಸಾಮಾನ್ಯ ಆರೈಕೆ ಪಡೆದವರಿಗೆ 53 ದಿನ ಸಾಕಾಯಿತು. ಬಾಣಂತಿ ಮನೆಗೆ ಬಂದ ಮೇಲೆ ಹೊಲಿಗೆಯ ಜಾಗಕ್ಕೆ ಏನಾದರೂ ಹಚ್ಚುವ ಮನೆಯವರಿಗೆ ನಾನು ಈ ಎರಡು ಅಂಕೆಗಳನ್ನು ಹೇಳುತ್ತೇನೆ. ಕೇಳುತ್ತಾರೆ.

ಸೋರಿಯಾಸಿಸ್ ಎಂಬ ಚರ್ಮರೋಗದ ಕಥೆಯೂ ಹೀಗೆಯೇ. 1996ರ ಪಾಕಿಸ್ತಾನದ ಪ್ರಯೋಗದಲ್ಲಿ ಲೋಳೆಸರದ ಕ್ರೀಮು ಹಚ್ಚಿದವರಲ್ಲಿ ಶೇಕಡಾ 83 ಮಂದಿಗೆ ವಾಸಿಯಾಯಿತು, ಬರೀ ಕ್ರೀಮು ಹಚ್ಚಿದವರಲ್ಲಿ ಶೇಕಡಾ 7 ಮಂದಿಗೆ ಮಾತ್ರ. ಕೇಳಿದರೆ ಯಾರಿಗಾದರೂ ಹುರುಪು ಬರುತ್ತದೆ. 2005ರಲ್ಲಿ ಡೆನ್ಮಾರ್ಕಿನವರು ಮಾಡಿದ ಪ್ರಯೋಗದಲ್ಲಿ ಲೋಳೆಸರ ಹಚ್ಚಿದ ಕಲೆಗಳಿಗಿಂತ ಲೋಳೆಸರವಿಲ್ಲದ ಜೆಲ್ ಹಚ್ಚಿದ ಕಲೆಗಳೇ ಸ್ವಲ್ಪ ಹೆಚ್ಚು ಸುಧಾರಿಸಿದ್ದವು. ಸಂದೇಶಗಳಲ್ಲಿ ಮೊದಲನೆಯದು ಮಾತ್ರ ಓಡಾಡುತ್ತದೆ. ಸತ್ಯ ಬೇಕಾದವರು ಎರಡನ್ನೂ ಪಕ್ಕಪಕ್ಕ ಇಟ್ಟು, ಇನ್ನೂ ದೊಡ್ಡ ಪ್ರಯೋಗ ಬೇಕು ಎನ್ನಬೇಕಾಗುತ್ತದೆ.

ಕುಡಿದು ಪ್ರಯೋಜನ ಕಂಡದ್ದೂ ಇದೆ. ದೊಡ್ಡ ಕರುಳಿನ ಹುಣ್ಣಿನ ಕಾಯಿಲೆಯಿದ್ದ 44 ಮಂದಿಯ ಮೇಲೆ ಇಂಗ್ಲೆಂಡಿನಲ್ಲಿ ಮಾಡಿದ, 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ತಿರುಳಿನ ರಸವನ್ನು ದಿನಕ್ಕೆ ಎರಡು ಬಾರಿ 100 ಮಿಲಿಲೀಟರಿನಂತೆ ನಾಲ್ಕು ವಾರ ಕುಡಿದ 30 ಮಂದಿಯಲ್ಲಿ 9 ಮಂದಿಗೆ ಕಾಯಿಲೆ ಶಮನವಾಯಿತು. ಹುಸಿ ಔಷಧ ಕುಡಿದ 14 ಮಂದಿಯಲ್ಲಿ ಒಬ್ಬರಿಗೆ. ಸಣ್ಣ ಪ್ರಯೋಗ, ಆದರೆ ಅಳತೆ ಇಟ್ಟು ಮಾಡಿದ್ದು. ಇಂಥವು ಹತ್ತು ಆಗಲಿ ಎಂದು ನಾನು ಹಾರೈಸುತ್ತೇನೆ.

ಸಕ್ಕರೆ ಕಾಯಿಲೆಯ ವಿಷಯದಲ್ಲಿ ಹೆಚ್ಚು ಜನ ಕೇಳುತ್ತಾರೆ. ಸಣ್ಣ ಸಣ್ಣ ಪ್ರಯೋಗಗಳಲ್ಲಿ, ಮುಖ್ಯವಾಗಿ ಕಾಯಿಲೆಯ ಅಂಚಿನಲ್ಲಿರುವವರಲ್ಲಿ, ಬೆಳಗಿನ ಸಕ್ಕರೆಯ ಪ್ರಮಾಣ ಸ್ವಲ್ಪ ಇಳಿದದ್ದು ನಿಜ. ಆದರೆ ಒಬ್ಬೊಬ್ಬರು ಬಳಸಿದ ತಯಾರಿಕೆ ಒಂದೊಂದು, ಅವಧಿ ಕೆಲವೇ ವಾರಗಳು. ನಮ್ಮೂರಿನ ಅಕ್ಕ ಒಬ್ಬರು ತಮ್ಮ ಮೀಟರಿನ ಅಂಕೆಗಳನ್ನು ಪುಸ್ತಕದಲ್ಲಿ ಬರೆದು ತಂದು ತೋರಿಸಿದರು. ಇಳಿದಿತ್ತು, ಸುಳ್ಳಲ್ಲ. “ಇನ್ನು ಮಾತ್ರೆ ಬಿಡಬಹುದಲ್ಲ?” ಎಂದು ಕೇಳಿದರು. ಬೆಳಗ್ಗೆ ಜ್ಯೂಸ್ ಕುಡಿದ ಮೇಲೆ ಚಹಾ ಕುಡಿಯುತ್ತೀರಾ ಎಂದು ವಿಚಾರಿಸಿದೆ. ಅರ್ಧ ಗಂಟೆ ಏನೂ ತೆಗೆದುಕೊಳ್ಳಬಾರದೆಂದು ಸಂದೇಶದಲ್ಲಿ ಹೇಳಿದ್ದರಿಂದ ಸಕ್ಕರೆ ಹಾಕಿದ ಚಹಾ, ಅದರ ಜೊತೆಗಿನ ರಸ್ಕು ಎರಡೂ ನಿಂತಿದ್ದವು. ಆ ಅರ್ಧ ಗಂಟೆ ಅಂಗಳದಲ್ಲಿ ನಡೆಯುವ ಅಭ್ಯಾಸವೂ ಆಗಿತ್ತು. ಸಕ್ಕರೆ ಇಳಿಸಿದ್ದು ಯಾವುದು ಎಂದು ನಾವಿಬ್ಬರೂ ಕೂತು ಮಾತಾಡಿದೆವು. ನಡಿಗೆ ಮುಂದುವರಿಯಲಿ, ಚಹಾಕ್ಕೆ ಸಕ್ಕರೆ ಬೇಡ, ಮಾತ್ರೆ ಬಿಡುವುದು ಡಾಕ್ಟರು ಹೇಳಿದರೆ ಮಾತ್ರ ಎಂದು ಒಪ್ಪಿಕೊಂಡು ಹೋದರು. ಮಾತ್ರೆಯ ಜೊತೆಗೆ ಜ್ಯೂಸನ್ನೂ ಕುಡಿಯುವವರಲ್ಲಿ ಸಕ್ಕರೆ ಬೇಕಾದ್ದಕ್ಕಿಂತ ಕೆಳಗಿಳಿಯುವ ಭಯವೂ ಇದೆ ಎಂಬುದನ್ನು ಮರೆಯಬಾರದು.

ಕೂದಲಿನ ಬಗ್ಗೆ ಹೆಚ್ಚು ಹೇಳಲಾರೆ. ಕೊಬ್ಬರಿ ಎಣ್ಣೆಗೆ ಲೋಳೆಸರ, ಗರುಗ, ದಾಸವಾಳ ಹಾಕಿ ಕಾಯಿಸುವುದು ನಮ್ಮ ಮನೆಗಳ ಪದ್ಧತಿ; ತಲೆಗೆ ತಂಪು, ಕೂದಲು ನಯ. ಉದುರಿದ ಕೂದಲನ್ನು ಮತ್ತೆ ಹುಟ್ಟಿಸಿದ ಪುರಾವೆಯನ್ನು ನಾನು ಕಂಡಿಲ್ಲ. ಒಂದು ಮಾತು ಮಾತ್ರ: ಬಾಟಲಿಯಲ್ಲಿ ಬರುವ ಹಸಿರು ಜೆಲ್ಲುಗಳಲ್ಲಿ ಲೋಳೆಸರ ಎಷ್ಟಿದೆ ಎಂಬುದು ಬೇರೆಯೇ ಪ್ರಶ್ನೆ. 2016ರಲ್ಲಿ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆ ಅಮೆರಿಕದ ದೊಡ್ಡ ಅಂಗಡಿಗಳ ಜೆಲ್ಲುಗಳನ್ನು ಪರೀಕ್ಷೆ ಮಾಡಿಸಿದಾಗ, ಕೆಲವುಗಳಲ್ಲಿ ಲೋಳೆಸರದ ಗುರುತಾದ ಅಸೆಮಾನನ್ ಸಿಗಲೇ ಇಲ್ಲ. ಎಲೆಗೆ ಆ ಹಸಿರು ಸಿಪ್ಪೆಯಲ್ಲಿದೆ, ತಿರುಳಿಗೆ ಬಣ್ಣವಿಲ್ಲ.

ತಿಂಗಳುಗಟ್ಟಲೆ ಲೋಳೆಸರದ ಮಾತ್ರೆ, ಸಾರ ಸೇವಿಸಿದವರಲ್ಲಿ ಯಕೃತ್ತು ಉರಿಯೂತಗೊಂಡ ವರದಿಗಳು ಜರ್ಮನಿಯಿಂದ, ಕೊರಿಯಾದಿಂದ ಬಂದಿವೆ. ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಅಪರೂಪದ ಸಂಗತಿ. ಆದರೆ ಕಣ್ಣು ಹಳದಿಯಾಗಿ ಆಸ್ಪತ್ರೆಗೆ ಹೋದವರು ಕುಡಿಯುತ್ತಿದ್ದ ಜ್ಯೂಸಿನ ಹೆಸರನ್ನು ಡಾಕ್ಟರಿಗೆ ಹೇಳದೆ ಇರಬಾರದು ಎಂಬುದಕ್ಕಾಗಿ ಬರೆದೆ.

ಇನ್ನು ಅಳತೆಯ ಮಾತು. ಹಾಲು ಸೊಸೈಟಿಗೆ ಹಾಲು ಹಾಕುವವರಿಗೆ ಲೋಳೆಸರ ಬೇರೆ ಕಾರಣಕ್ಕೆ ಗೊತ್ತು. ಹಸುವಿನ ಕೆಚ್ಚಲು ಬಾವಿಗೆ ತಮಿಳುನಾಡಿನ ಪಶುವೈದ್ಯ ವಿಶ್ವವಿದ್ಯಾಲಯದವರು ರೈತರ ಮನೆಮದ್ದನ್ನು ಪರೀಕ್ಷಿಸಿ ಒಂದು ಕ್ರಮ ಮಾಡಿಕೊಟ್ಟಿದ್ದಾರೆ. ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ ಅದನ್ನು ದೇಶದಲ್ಲೆಲ್ಲ ಹಂಚುತ್ತಿದೆ. ಲೋಳೆಸರ 250 ಗ್ರಾಂ, ಅರಿಶಿನ 50 ಗ್ರಾಂ, ಸುಣ್ಣ 15 ಗ್ರಾಂ. ಅರೆದರೆ ಕೆಂಪಗಾಗುತ್ತದೆ. ಕೆಚ್ಚಲಿನ ಹಾಲೆಲ್ಲ ಹಿಂಡಿ ತೆಗೆದು, ತೊಳೆದು, ಸ್ವಲ್ಪ ಸ್ವಲ್ಪವನ್ನೇ ನೀರಿನಲ್ಲಿ ತೆಳುವಾಗಿಸಿ, ದಿನಕ್ಕೆ ಹತ್ತು ಬಾರಿ, ಐದು ದಿನ ಹಚ್ಚಬೇಕು. ಆ್ಯಂಟಿಬಯಾಟಿಕ್ ಕಡಿಮೆಯಾದರೆ ಹಾಲಿಗೂ ಒಳ್ಳೆಯದು ಎಂಬುದು ಇದರ ಹಿಂದಿನ ಉದ್ದೇಶ. ಮನೆಮದ್ದನ್ನು ಗೌರವಿಸುವುದೆಂದರೆ ಇದು ಎಂದು ನನಗೆ ಅನಿಸುತ್ತದೆ: ಎಷ್ಟು, ಯಾವುದಕ್ಕೆ, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು. ಲೋಳೆಸರದಿಂದ ಮಾಡುವ ಕುಮಾರ್ಯಾಸವ ಕೊಡುವ ವೈದ್ಯರೂ ಊಟವಾದ ಮೇಲೆ, ಸಮಪಾಲು ನೀರು ಬೆರೆಸಿ, ಇಂತಿಷ್ಟು ಎಂದು ಬರೆದುಕೊಡುತ್ತಾರೆ. ನಮ್ಮ ಊರಿನ ಹಸುವಿಗೆ ಸಿಕ್ಕಿರುವ ಈ ಅಳತೆ, ಜ್ಯೂಸ್ ಬಾಟಲಿ ಹಿಡಿದು ಬರುವ ಅವಳ ಯಜಮಾನಿಗೆ ಸಿಕ್ಕಿಲ್ಲ.

ಜನರನ್ನು ದೂರುವ ಮನಸ್ಸು ನನಗಿಲ್ಲ. ರಾಸಾಯನಿಕ ಎಂದರೆ ಈ ಜಿಲ್ಲೆಯಲ್ಲಿ ಅಂಜಿಕೆ ಇದೆ, ಅದಕ್ಕೆ ಕಾರಣವೂ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಎಣ್ಮಕಜೆಯಂಥ ಊರುಗಳ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ತೋಡುಗಳು, ಬಾವಿಗಳು, ನೀರಿಗಾಗಿ ಕೊರೆದ ಸುರಂಗಗಳು ಎಲ್ಲವೂ ಅದೇ ಗುಡ್ಡಗಳ ಬುಡದಲ್ಲಿದ್ದವು. ಅಪಾಯವಿಲ್ಲ ಎಂದು ಅಧಿಕಾರದ ದನಿಯಲ್ಲಿ ಹೇಳಿದವರಿದ್ದರು. ಮಕ್ಕಳ ಕಾಯಿಲೆಗಳನ್ನು ಎಣಿಸಿ ಬರೆದಿಟ್ಟು, ಕೂಗಿ ಹೇಳಿ, ಕೋರ್ಟಿನ ಮೆಟ್ಟಿಲು ಹತ್ತಿದ ಜನರಿಂದಾಗಿ ಮಾತು ಹೊರಬಂತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ಅಂಥ ನೆಲದಲ್ಲಿ ‘ಶುದ್ಧ ನೈಸರ್ಗಿಕ’ ಎಂಬ ಎರಡು ಪದಗಳು ಮನಸ್ಸನ್ನು ಹೇಗೆ ಮುಟ್ಟುತ್ತವೆ ಎಂದು ಬೇರೆಯವರಿಗೆ ವಿವರಿಸುವುದು ಕಷ್ಟ. ಆ ನೋವಿನಿಂದ ಹುಟ್ಟಿದ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡು ದುಬಾರಿ ಬಾಟಲಿ ಮಾರುವವರನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ.

ಏಕೆಂದರೆ ಎಂಡೋಸಲ್ಫಾನ್ ವಿರುದ್ಧ ನಿಂತ ನಮ್ಮ ಜನ ಕೇಳಿದ್ದು ಸರಳವಾದ ಪ್ರಶ್ನೆ. ಸುರಕ್ಷಿತ ಎನ್ನುತ್ತೀರಿ, ಅದನ್ನು ತೋರಿಸುವ ಹೊಣೆ ಯಾರದು? ಮೈಗೆ ತಗುಲಿಸಿಕೊಂಡವರದೋ, ಸುರಿದವರದೋ? ಅಮೆರಿಕದಲ್ಲಿ 2002ರಲ್ಲಿ ಹಳದಿ ರಸ ಮಾರುವವರು ಉತ್ತರಿಸಲಾಗದೆ ಹೋದದ್ದು ಇದೇ ಪ್ರಶ್ನೆಗೆ. ಹೆಲಿಕಾಪ್ಟರಿಗೆ ಕೇಳಿದ ಪ್ರಶ್ನೆಯನ್ನು ಹಸಿರು ಬಾಟಲಿಗೂ ಕೇಳುವ ಹಕ್ಕು ನಮಗಿದೆ, ಇತರರಿಗಿಂತ ಹೆಚ್ಚಾಗಿಯೇ ಇದೆ.

ಮನೆಮದ್ದಿನತ್ತ ಕೈ ಹೋಗಲು ಇನ್ನೊಂದು ಕಾರಣ ದೂರ. ಹೃದಯಕ್ಕೆ, ಮೂತ್ರಪಿಂಡಕ್ಕೆ, ಮಕ್ಕಳ ತಜ್ಞರಿಗೆ ನಾವು ಗಡಿ ದಾಟಿ ಮಂಗಳೂರಿಗೆ ಹೋಗುತ್ತೇವೆ. ಕಾಸರಗೋಡು ಪೇಟೆಯಿಂದ ಸುಮಾರು 50 ಕಿಲೋಮೀಟರ್. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳೂ ನಿಂತವು. ಹತ್ತಿರದಲ್ಲಿ ಕೇಳಲು ಒಬ್ಬ ಡಾಕ್ಟರಿದ್ದರೆ ಜನ ಸಂದೇಶವನ್ನು ನಂಬುವುದು ಖಂಡಿತ ಕಡಿಮೆಯಾಗುತ್ತದೆ.

ಹತ್ತಿರದ ಮತ್ತೊಂದು ಕೊರತೆ ಭಾಷೆಯದು. ಜ್ಯೂಸಿನ ಪ್ರಚಾರ ನಮಗೆ ಕನ್ನಡದಲ್ಲಿ ಬರುತ್ತದೆ, ಮಲಯಾಳದಲ್ಲಿ ಬರುತ್ತದೆ. ಬಾಟಲಿಯ ಮೇಲಿನ ವಿವರವಾದರೋ ನಿಯಮದ ಪ್ರಕಾರ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿದ್ದರೆ ಸಾಕು. ಬೇರೆ ಭಾಷೆಯಲ್ಲಿ ಹಾಕಬಹುದು, ಹಾಕಲೇಬೇಕೆಂದಿಲ್ಲ. ಗರ್ಭಿಣಿಯರು ಸೇವಿಸಬಾರದು ಎಂಬ ಸಾಲು ಇದ್ದರೂ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ಬಾಟಲಿಯ ತಿರುವಿನಲ್ಲಿ ಇರುತ್ತದೆ. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಹೆಂಗಸು ಅದನ್ನು ಓದುವುದು ಹೇಗೆ?

ಹಾಗಾಗಿ ನನ್ನ ಅಂಗಡಿಯಿಂದ ಹೋಗುವ ಲೋಳೆಸರದ ಬಾಟಲಿಗೆ ಒಂದು ಚೀಟಿ ಅಂಟಿಸುತ್ತೇನೆ. ಸಿಪ್ಪೆ ಸಮೇತದ ಸಾರವೋ ತಿರುಳು ಮಾತ್ರವೋ, ಹಳದಿ ರಸ ಸೋಸಿ ತೆಗೆದಿದ್ದಾರೋ ಇಲ್ಲವೋ, ಸಕ್ಕರೆ ಬೆರೆಸಿದೆಯೋ ಎಂಬುದು ಮೊದಲ ಸಾಲು. ಬಸುರಿಯರು, ಹಾಲೂಡಿಸುವವರು, ಮಕ್ಕಳು, ಮೂತ್ರಪಿಂಡದ ಕಾಯಿಲೆಯವರು, ಹೃದಯಕ್ಕೆ ಅಥವಾ ಸಕ್ಕರೆಗೆ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು ಎಂಬುದು ಎರಡನೆಯದು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದ್ದರೆ ನಿಲ್ಲಿಸಿ, ಹೊಟ್ಟೆ ಹಿಂಡಿ ಭೇದಿಯಾದರೆ ನಿಲ್ಲಿಸಿ, ಕಣ್ಣು ಹಳದಿಯಾದರೆ ಬಾಟಲಿಯನ್ನು ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ ಎಂಬುದು ಮೂರನೆಯದು. ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಮಲಯಾಳ. ಮಲಯಾಳದ ಸಾಲುಗಳನ್ನು ಅಂಗಡಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿ ತಿದ್ದಿಕೊಟ್ಟಿದ್ದಾಳೆ. ಮಂಜೇಶ್ವರದಿಂದ ಬಂದಡ್ಕದವರೆಗೆ ಯಾವ ಅಂಗಡಿಯವರಾದರೂ ಈ ಒಕ್ಕಣೆಯನ್ನು ನಕಲು ಮಾಡಿಕೊಳ್ಳಬಹುದು, ನನ್ನನ್ನು ಕೇಳಬೇಕಾಗಿಲ್ಲ.